ಭೀಮೆಯ ಸೀಮೆಯಲ್ಲಿ ಪುನರುತ್ಥಾನದ ಹಬ್ಬ

ಫಾಲ್ಗುಣದ ಹುಣ್ಣಿಮೆ ಸಮೀಪಿಸುತ್ತಿದ್ದಂತೆಯೇ ಸೋಲಾಪುರದ ಪೇಟೆಯಲ್ಲಿ ಮಿಠಾಯಿ ಅಂಗಡಿಗಳ ಮುಂದೆ ಬಿಳಿ, ಹಳದಿ, ಗುಲಾಬಿ ಬಣ್ಣದ ಸಕ್ಕರೆ ಸರಗಳು ಗೊಂಚಲುಗೊಂಚಲಾಗಿ ತೂಗತೊಡಗುತ್ತವೆ. ಹೋಳಿಯಲ್ಲಿ ಅವು ಮಕ್ಕಳ ಕೊರಳನ್ನೇರುತ್ತವೆ; ಚೈತ್ರದ ಪಾಡ್ಯದಂದು ಮರಾಠಿ ಮನೆಗಳ ಮುಂದೆ ನಿಲ್ಲಿಸಿದ ಗುಡಿಗೆ ಬೇವಿನ ಚಿಗುರಿನೊಡನೆ ಭೂಷಣವಾಗುತ್ತವೆ. ಇದೇ ಋತುವಿನಲ್ಲಿ, ಇದೇ ಚಂದ್ರನನ್ನು ನೋಡಿ ದಿನವನ್ನು ನಿಶ್ಚಯಿಸಿಕೊಳ್ಳುವ ಇನ್ನೊಂದು ಹಬ್ಬವೂ ಆ ಊರಿನಲ್ಲಿ ನಡೆಯುತ್ತದೆ. ಅದು ಕ್ರೈಸ್ತರ ಪುನರುತ್ಥಾನದ ಹಬ್ಬ, ಅರ್ಥಾತ್ ಈಸ್ಟರ್. ಹೋಳಿಗೂ ಯುಗಾದಿಗೂ ಸಿಹಿಯನ್ನು ಇಷ್ಟು ಧಾರಾಳವಾಗಿ ಒದಗಿಸಿದ ಪೇಟೆ ಈಸ್ಟರಿಗೆಂದೇ ಹೆಸರು ಪಡೆದ ಭಕ್ಷ್ಯವೊಂದನ್ನು ನಿರ್ಮಿಸದೆ ಹೋದುದೇಕೆ ಎಂಬ ಪ್ರಶ್ನೆ ಮೇಲ್ನೋಟಕ್ಕೆ ಅಲ್ಪವೆನಿಸಬಹುದು. ಆದರೆ ಅದರ ಉತ್ತರವನ್ನು ಹುಡುಕಹೊರಟವನು ಸೋಲಾಪುರದ ಗಿರಣಿಗಳ ನೆರಳನ್ನು ದಾಟಿ ಅಮೆರಿಕದ ಮ್ಯಾಸಚೂಸೆಟ್ಸಿನವರೆಗೂ ಹೋಗಬೇಕಾಗುತ್ತದೆ.

ಮೊದಲು ಪಂಚಾಂಗದ ಮಾತು. ಕ್ರಿ.ಶ. 325ರಲ್ಲಿ ನಿಕೇಯದಲ್ಲಿ ಕೂಡಿದ ಧರ್ಮಸಭೆಯು ಕ್ರೈಸ್ತರೆಲ್ಲರೂ ಈ ಹಬ್ಬವನ್ನು ಒಂದೇ ಭಾನುವಾರ ಆಚರಿಸತಕ್ಕದ್ದೆಂದು ನಿರ್ಣಯಿಸಿದ ತರುವಾಯ ನೆಲೆಗೊಂಡ ಕ್ರಮದಂತೆ, ಮಾರ್ಚ್ 21ರಂದಾಗಲಿ ಅದರ ಅನಂತರವಾಗಲಿ ಬರುವ ಮೊದಲನೆಯ ಹುಣ್ಣಿಮೆ ಕಳೆದ ಮೇಲಿನ ಭಾನುವಾರವೇ ಈಸ್ಟರ್; ಆದುದರಿಂದ ಅದು ಮಾರ್ಚ್ 22ಕ್ಕಿಂತ ಮೊದಲು ಬಾರದು, ಏಪ್ರಿಲ್ 25ನ್ನು ಮೀರದು. ನಮ್ಮ ಲೆಕ್ಕದಲ್ಲಿ ಆ ಹುಣ್ಣಿಮೆ ಬಹುಮಟ್ಟಿಗೆ ಚೈತ್ರದ್ದು, ಕೆಲವೊಮ್ಮೆ ಹೋಳಿಯದೇ. 2023ರಲ್ಲಿ ಹನುಮಜ್ಜಯಂತಿ ಏಪ್ರಿಲ್ 6ರಂದು ಬಂದು ಈಸ್ಟರ್ 9ರಂದು ಬಂದಿತು. 2024ರಲ್ಲಿ ಹೋಳಿ ಮಾರ್ಚ್ 25ಕ್ಕೆ, ಈಸ್ಟರ್ 31ಕ್ಕೆ. ಯೆಹೂದ್ಯರ ಪಾಸ್ಖಹಬ್ಬದಿಂದ ಹುಟ್ಟಿದ ಆಚರಣೆಯಾದುದರಿಂದ ಚಂದ್ರನ ನಂಟು ಅದಕ್ಕೆ ಜನ್ಮದಿಂದಲೇ ಬಂದುದು. ಪಾಸ್ಖದ ಊಟದಲ್ಲಿ ದಾಸ್ಯದ ಸ್ಮರಣೆಗಾಗಿ ಕಹಿಸೊಪ್ಪನ್ನೂ ಅದರೊಡನೆ ಹಣ್ಣು ಬೀಜಗಳ ಸಿಹಿ ಕಲಸನ್ನೂ ಬಡಿಸುವರೆಂಬುದನ್ನು ಕೇಳಿದ ಕನ್ನಡಿಗನಿಗೆ ಬೇವುಬೆಲ್ಲದ ಬಟ್ಟಲು ನೆನಪಾಗದಿರದು.

ಸೋಲಾಪುರದ ನೆರೆಯ ಅಕ್ಕಲಕೋಟೆಗೂ ಚೈತ್ರವೇ ದೊಡ್ಡ ತಿಂಗಳು. ಹಿಂದೆ ಸಂಸ್ಥಾನವೊಂದರ ರಾಜಧಾನಿಯಾಗಿದ್ದ ಆ ಊರಿನಲ್ಲಿ ಎರಡು ದಶಕಗಳಿಗೂ ಹೆಚ್ಚುಕಾಲ ನೆಲೆಸಿದ್ದ ಸ್ವಾಮಿ ಸಮರ್ಥರು 1878ರ ಚೈತ್ರ ಬಹುಳ ತ್ರಯೋದಶಿಯಂದು ಸಮಾಧಿಸ್ಥರಾದರು; ಅವರ ಪ್ರಕಟದಿನವೆಂದು ಭಕ್ತರು ಆಚರಿಸುವುದು ಯುಗಾದಿಯ ಮರುದಿನವನ್ನು. ಹೀಗಾಗಿ ಕ್ರೈಸ್ತರ ಹಬ್ಬ ಹೆಚ್ಚಿನ ವರ್ಷಗಳಲ್ಲಿ ಈ ಎರಡು ಉತ್ಸವಗಳ ನಡುವೆ, ಯಾತ್ರಿಕರು ಊರನ್ನು ತುಂಬಿಕೊಂಡಿರುವಾಗಲೇ, ಹೂರಣದ ಹೋಳಿಗೆಯ ನೈವೇದ್ಯಗಳ ಮಧ್ಯದಲ್ಲಿಯೇ ಬಂದುಹೋಗುತ್ತದೆ. ಕನ್ನಡವೇ ಮನೆಮಾತಾಗಿರುವ ಗ್ರಾಮಗಳಿಂದ ತುಂಬಿದ ಈ ತಾಲೂಕನ್ನು 1967ರಲ್ಲಿ ಮಹಾಜನ ಆಯೋಗವು ಆಗಿನ ಮೈಸೂರು ರಾಜ್ಯಕ್ಕೆ ಸೇರಿಸಬೇಕೆಂದು ಸೂಚಿಸಿದ್ದುದು ಎಲ್ಲರಿಗೂ ತಿಳಿದ ಸಂಗತಿ. ಅದರ ವಾದವಿವಾದಕ್ಕೆ ಇದು ಸ್ಥಳವಲ್ಲ. ಗೋಧಿಯ ಹುಗ್ಗಿಗೂ ಶೇಂಗಾ ಹೋಳಿಗೆಗೂ ಗಡಿಯೆಂಬುದು ಅಲ್ಲಿ ಇಲ್ಲವೆಂಬಷ್ಟನ್ನು ಹೇಳಿ ಮುಂದುವರಿಯಬಹುದು.

ಈಸ್ಟರಿಗೆ ಯೂರೋಪಿನಲ್ಲಿ ಸಿಹಿ ಬಂದುದು ಉಪವಾಸದ ಮೂಲಕ. ಬೂದಿ ಬುಧವಾರದಿಂದ ಮೊದಲಾಗುವ 40 ದಿನಗಳ ತಪಸ್ಸುಕಾಲದಲ್ಲಿ ಮಧ್ಯಯುಗದ ಜನ ಮಾಂಸವನ್ನು ಮಾತ್ರವಲ್ಲ, ಅನೇಕ ಪ್ರಾಂತಗಳಲ್ಲಿ ಮೊಟ್ಟೆ, ಹಾಲು, ಬೆಣ್ಣೆಗಳನ್ನೂ ತ್ಯಜಿಸುತ್ತಿದ್ದರು. ಮನುಷ್ಯ ವ್ರತ ಹಿಡಿದನೆಂದು ಕೋಳಿ ಮೊಟ್ಟೆಯಿಡುವುದನ್ನು ನಿಲ್ಲಿಸದಷ್ಟೆ. ಹಬ್ಬದ ದಿನ ಬರುವ ವೇಳೆಗೆ ಮನೆಯಲ್ಲಿ ಸಂಚಯವಾದ ಮೊಟ್ಟೆಗಳನ್ನು ಬೇಯಿಸಿ, ಬಣ್ಣ ಹಚ್ಚಿ, ಹಂಚುವ ವಾಡಿಕೆ ತಾನಾಗಿಯೇ ಬೆಳೆಯಿತು. ಇಂಗ್ಲೆಂಡಿನ ದೊರೆ ಮೊದಲನೆಯ ಎಡ್ವರ್ಡನ ಮನೆವಾರ್ತೆಯಲ್ಲಿ 1290ರ ಈಸ್ಟರಿಗೆ 450 ಮೊಟ್ಟೆಗಳಿಗಾಗಿ 18 ಪೆನ್ನಿ ವೆಚ್ಚವಾದ ಲೆಕ್ಕವಿದೆ; ಅವುಗಳಲ್ಲಿ ಕೆಲವಕ್ಕೆ ಬಂಗಾರದ ರೇಕು ಸುತ್ತಿ ಆಸ್ಥಾನದವರಿಗೆ ಕೊಟ್ಟರಂತೆ. ರಷ್ಯದವರು ಗಿಣ್ಣಿನಂಥ ಮೊಸರುಗಡ್ಡೆಯನ್ನು ಸಕ್ಕರೆ ಬೆಣ್ಣೆಗಳೊಡನೆ ಮರದ ಅಚ್ಚಿನಲ್ಲಿ ಒತ್ತಿ ಗೋಪುರದಂತೆ ನಿಲ್ಲಿಸುತ್ತಾರೆ. ಗ್ರೀಕರು ಜಡೆಹೆಣೆದ ಸಿಹಿರೊಟ್ಟಿಯಲ್ಲಿ ಕೆಂಪು ಮೊಟ್ಟೆಯನ್ನು ಹುದುಗಿಸುತ್ತಾರೆ. ನನಗೆ ಇವೆಲ್ಲಕ್ಕಿಂತ ಆತ್ಮೀಯವೆನಿಸುವುದು ನೇಪಲ್ಸ್ ನಗರದ ‘ಪಾಸ್ತಿಯೇರಾ’. ಇಡಿಯ ಗೋಧಿಯ ಕಾಳನ್ನು ನೆನೆಸಿ, ಹಾಲಿನಲ್ಲಿ ಬೇಯಿಸಿ, ಸಕ್ಕರೆಯನ್ನೂ ಗಿಣ್ಣನ್ನೂ ಸೇರಿಸಿ ಮಾಡುವ ಆ ಭಕ್ಷ್ಯದ ಹೂರಣವನ್ನು ಅಕ್ಕಲಕೋಟೆಯ ಯಾವ ಗೃಹಿಣಿಯ ಮುಂದಿಟ್ಟರೂ ಆಕೆ ಅದನ್ನು ಹುಗ್ಗಿಯ ಬಳಗಕ್ಕೆ ಸೇರಿಸದೆ ಬಿಡಲಾರಳು. ಕಿತ್ತಿಳೆ ಹೂವಿನ ಪರಿಮಳವೊಂದನ್ನು ಮಾತ್ರ ಆಕೆ ಒಪ್ಪುವಳೋ ಇಲ್ಲವೋ.

ಸಿಸಿಲಿ ದ್ವೀಪದಲ್ಲಿ ಬಾದಾಮಿಯನ್ನು ಅರೆದು ಸಕ್ಕರೆಯೊಡನೆ ಕಲಸಿ ಅಚ್ಚಿಗೆ ಹಾಕಿ ಈಸ್ಟರಿನ ಕುರಿಮರಿಯನ್ನು ಮಾಡುತ್ತಾರೆ. ಆ ದ್ವೀಪಕ್ಕೆ ಕಬ್ಬನ್ನೂ ಸಕ್ಕರೆಯ ವಿದ್ಯೆಯನ್ನೂ ಕೊಂಡೊಯ್ದವರು ಅರಬ್ಬರು, ಅರಬ್ಬರಿಗೆ ಅದು ಪಾರಸಿಕರಿಂದ ಬಂದಿತು, ಪಾರಸಿಕರಿಗೆ ಭಾರತದಿಂದ. ನಮ್ಮ ಶರ್ಕರೆ ಅಷ್ಟು ಸಮುದ್ರಗಳನ್ನು ಸುತ್ತಿ ಅಲ್ಲಿ ಕುರಿಮರಿಯಾದರೆ, ಮನೆಯಲ್ಲಿಯೇ ಉಳಿದ ಶರ್ಕರೆ ಸೋಲಾಪುರದಲ್ಲಿ ಸರವಾಯಿತು. ಎರಡೂ ಅಚ್ಚಿನ ಕೆಲಸವೇ.

ಆ ಅಚ್ಚಿನ ಕೆಲಸವನ್ನು ಸ್ವಲ್ಪ ನಿಂತು ನೋಡತಕ್ಕದ್ದು. ಸಕ್ಕರೆಯನ್ನು ನೀರಿನಲ್ಲಿ ಕುದಿಸಿ, ಒಂದಿಷ್ಟು ಹಾಲು ಹಾಕಿ, ಮೇಲೆ ತೇಲಿಬಂದ ಕಲ್ಮಷವನ್ನು ತೆಗೆದು, ಪಾಕವು ಗಟ್ಟಿಯ ಹದಕ್ಕೆ ಬರುವವರೆಗೆ ಒಲೆಯ ಮೇಲಿರಿಸುತ್ತಾರೆ. ಮರದ ಅಚ್ಚುಗಳನ್ನು ಮುಂಚಿತವಾಗಿಯೇ ನೀರಿನಲ್ಲಿ ನೆನೆಯಿಟ್ಟಿರಬೇಕು; ಇಲ್ಲವಾದರೆ ಸಕ್ಕರೆ ಮರವನ್ನು ಹಿಡಿದುಕೊಂಡು ಬಿಡುವುದಿಲ್ಲ. ಅಚ್ಚಿನ ಹಳ್ಳಗಳ ನಡುವೆ ನೂಲನ್ನು ಹಾಯಿಸಿ, ಪಾಕವನ್ನು ಹೊಯ್ದರೆ, ಕೆಲವು ನಿಮಿಷಗಳಲ್ಲಿಯೇ ಪದಕಗಳು ನೂಲನ್ನು ಕಚ್ಚಿ ಹೆಪ್ಪುಗಟ್ಟಿ, ಅಚ್ಚನ್ನು ಬಿಡಿಸಿದೊಡನೆ ಸರವೇ ಕೈಗೆ ಬರುತ್ತದೆ. ಇದೇ ಕುಶಲತೆ ಕಾರ್ತಿಕದ ಗೌರಿ ಹುಣ್ಣಿಮೆಯಲ್ಲಿ ವಿಜಯಪುರ, ಬಾಗಲಕೋಟೆ, ಧಾರವಾಡಗಳ ಕಡೆ ಸಕ್ಕರೆ ಆರತಿಯ ಗೊಂಬೆಗಳಾಗಿ ಕಾಣಿಸಿಕೊಳ್ಳುತ್ತದೆ. ಈ ಸೀಮೆಯ ಅಡುಗೆ ಮೂಲತಃ ಬೆಲ್ಲದ್ದು. 1932ರಲ್ಲಿ ದೇಶೀಯ ಸಕ್ಕರೆ ಉದ್ಯಮಕ್ಕೆ ಸುಂಕದ ರಕ್ಷಣೆ ದೊರೆತ ಮೇಲೆ, ಅದೇ ದಶಕದಲ್ಲಿ ಸೋಲಾಪುರ ಜಿಲ್ಲೆಯ ಅಕಲೂಜಿನ ಬಳಿ ಮಾಳೀನಗರದಲ್ಲಿ ರೈತರೇ ಸೇರಿ ಕಟ್ಟಿದ ಕಾರಖಾನೆಯೂ ಅದರಂಥ ಇತರವೂ ಎದ್ದು, ಗಿರಣಿಯ ಬಿಳಿಯ ಸಕ್ಕರೆ ಸಾಮಾನ್ಯರ ಕೈಗೆಟುಕುವಂತಾಯಿತು.

ಇನ್ನು ಕ್ರೈಸ್ತಧರ್ಮ ಈ ಸೀಮೆಗೆ ಬಂದ ದಾರಿ. 1860ರಲ್ಲಿ ರೈಲು ಸೋಲಾಪುರವನ್ನು ಮುಟ್ಟಿತು. ಅದರ ಬೆನ್ನಿಗೇ, ಅದೇ ದಶಕದ ಆರಂಭದಲ್ಲಿ, ಅಹಮದನಗರದಲ್ಲಿ 1831ರಿಂದ ಬೇರೂರಿದ್ದ ಅಮೆರಿಕನ್ ಮರಾಠಿ ಮಿಷನ್ನಿನವರು ಇಲ್ಲಿ ತಮ್ಮ ಠಾಣ್ಯವನ್ನು ತೆರೆದರು. ಅವರ ಪೂರ್ವಿಕರಾದ ಗಾರ್ಡನ್ ಹಾಲ್, ಸ್ಯಾಮ್ಯುಯೆಲ್ ನಾಟ್ ಎಂಬವರು 1813ರಲ್ಲಿ ಮುಂಬಯಿಗೆ ಬಂದಿಳಿದವರು. ಅವರನ್ನು ಕಳುಹಿಸಿದ ಮಂಡಲಿ 1810ರಲ್ಲಿ ಮ್ಯಾಸಚೂಸೆಟ್ಸಿನಲ್ಲಿ ಸ್ಥಾಪಿತವಾದದ್ದು. ಅದರ ಬೇರು ಪ್ಯೂರಿಟನ್ನರ ಕಟ್ಟುನಿಟ್ಟಿನ ಸಂಪ್ರದಾಯದಲ್ಲಿತ್ತು. ಬೈಬಲ್ಲಿನಲ್ಲಿ ವಿಧಿಸದ ಹಬ್ಬಗಳೆಲ್ಲ ಮನುಷ್ಯಕಲ್ಪಿತವೆಂಬ ನಿಷ್ಠುರ ಭಾವನೆಯಿಂದ ಆ ಪಂಥದವರು 1647ರಲ್ಲಿ, ಇಂಗ್ಲೆಂಡಿನ ಪಾರ್ಲಿಮೆಂಟು ತಮ್ಮ ಕೈಯಲ್ಲಿದ್ದಾಗ, ಕ್ರಿಸ್‌ಮಸ್ಸನ್ನೂ ಈಸ್ಟರನ್ನೂ ಶಾಸನದ ಮೂಲಕವೇ ರದ್ದು ಮಾಡಿದ್ದರು. 1659ರಲ್ಲಿ ಮ್ಯಾಸಚೂಸೆಟ್ಸಿನಲ್ಲಿ ಕ್ರಿಸ್‌ಮಸ್ ಆಚರಿಸಿದವನಿಗೆ 5 ಶಿಲಿಂಗ್ ದಂಡವನ್ನು ಗೊತ್ತುಮಾಡಿದ್ದರು. ಇಂಗ್ಲೆಂಡಿನಲ್ಲಿ ರಾಜತ್ವದೊಡನೆ ಹಬ್ಬಗಳೂ ಹಿಂದಿರುಗಿದವು. ಆದರೆ ಅಮೆರಿಕದ ಆ ಈಶಾನ್ಯ ಪ್ರಾಂತದಲ್ಲಿ ಈಸ್ಟರ್ ವ್ಯಾಪಕವಾಗಿ ಮನ್ನಣೆ ಪಡೆದುದು 1861–65ರ ಅಂತರ್ಯುದ್ಧದ ಬಳಿಕ. ಅಂದರೆ ಸೋಲಾಪುರದಲ್ಲಿ ಮಿಷನ್ನಿನ ಮೊದಲ ಗೋಡೆಗಳು ಏಳುತ್ತಿದ್ದಾಗ, ಅವನ್ನು ಎಬ್ಬಿಸುತ್ತಿದ್ದವರ ತವರಿನಲ್ಲಿಯೇ ಈಸ್ಟರಿಗೆ ಸಿಹಿಯ ಸಂಪ್ರದಾಯವೊಂದು ಇರಲಿಲ್ಲ. ತಮ್ಮ ಮನೆಯಲ್ಲಿಯೇ ಇಲ್ಲದುದನ್ನು ಅವರು ಇಲ್ಲಿಗೆ ತರುವುದಾದರೂ ಹೇಗೆ?

ಭೀಮಾ ನದಿಯ ದಕ್ಷಿಣಕ್ಕೆ ಬಂದವರ ಕಥೆ ಬೇರೆ. 1834ರಲ್ಲಿ ಮಂಗಳೂರಿನಲ್ಲಿ ಇಳಿದ ಬಾಸೆಲ್ ಮಿಷನ್ನಿನವರು 1837ರಲ್ಲಿ ಧಾರವಾಡಕ್ಕೂ, ಅನಂತರ ಹುಬ್ಬಳ್ಳಿ, ಬೆಟಗೇರಿ, ಗುಳೇದಗುಡ್ಡಗಳಿಗೂ, ಕೊನೆಗೆ ವಿಜಯಪುರಕ್ಕೂ ಬಂದರು. ಅವರಲ್ಲಿ ಬಹುಮಂದಿ ದಕ್ಷಿಣ ಜರ್ಮನಿಯ ಭಕ್ತಿಪಂಥದವರು. ತಪಸ್ಸುಕಾಲ, ಶುಭ ಶುಕ್ರವಾರ, ಪುನರುತ್ಥಾನದ ಭಾನುವಾರಗಳನ್ನೊಳಗೊಂಡ ಸಂವತ್ಸರಕ್ರಮವನ್ನು ಬಿಡದವರು. ಈಸ್ಟರ್ ಮೊಲದ ಕಥೆ ಮೊದಲು ಬರಹದಲ್ಲಿ ಕಾಣಿಸಿಕೊಂಡುದೂ ಜರ್ಮನಿಯಲ್ಲಿಯೇ, 1682ರಲ್ಲಿ. ಹೀಗೆ ಹಬ್ಬವನ್ನು ಪ್ರೀತಿಸುವ ಒಂದು ಕ್ರೈಸ್ತಧಾರೆ ದಕ್ಷಿಣದಿಂದಲೂ, ಹಬ್ಬವನ್ನು ಶಂಕಿಸಿದವರ ವಂಶದ ಇನ್ನೊಂದು ಧಾರೆ ಉತ್ತರದಿಂದಲೂ ಬಂದು ಒಂದೇ ಸೀಮೆಯ ಎರಡು ದಂಡೆಗಳಲ್ಲಿ ನಿಂತವು. ಇಂದಿಗೂ ವಿಜಯಪುರದ ಸಭೆ 1947ರ ದಕ್ಷಿಣ ಭಾರತ ಸಭೆಗೂ, ಸೋಲಾಪುರದ ಸಭೆ 1970ರ ಉತ್ತರ ಭಾರತ ಸಭೆಗೂ ಸೇರಿವೆ. ನೂರು ಕಿಲೋಮೀಟರಿನ ಅಂತರದಲ್ಲಿ ದಕ್ಷಿಣ ಮುಗಿದು ಉತ್ತರ ಮೊದಲಾಗುವ ಈ ಚಮತ್ಕಾರವನ್ನು ರಾಜ್ಯಗಳ ಗಡಿಯನ್ನೆಳೆದವರು ಮಾತ್ರವಲ್ಲ, ಧರ್ಮಸಭೆಗಳೂ ಮಾಡಿವೆ.

ಸಿಹಿ ಬಾರದಿದ್ದರೂ ಸಂಗೀತ ಬಂದಿತು. ಅದೂ ಈ ನೆಲದ್ದೇ. 1895ರಲ್ಲಿ ದೀಕ್ಷೆ ಪಡೆದ ಕವಿ ನಾರಾಯಣ ವಾಮನ ತಿಲಕರು ಅಹಮದನಗರದಲ್ಲಿ ಅಮೆರಿಕನ್ ಮರಾಠಿ ಮಿಷನ್ನಿನೊಡನೆ ಕೆಲಸ ಮಾಡುತ್ತ ಅಭಂಗ ಭಜನೆ ಕೀರ್ತನಗಳ ಧಾಟಿಯನ್ನು ಮರಾಠಿ ಆರಾಧನೆಯೊಳಕ್ಕೆ ಪ್ರತಿಷ್ಠಾಪಿಸಿದರು. ಕನ್ನಡದಲ್ಲಿ ಕಿಟೆಲರು 1862ರಷ್ಟು ಹಿಂದೆಯೇ ‘ಕಥಾಮಾಲೆ’ಯಲ್ಲಿ ಕ್ರಿಸ್ತಚರಿತೆಯನ್ನು ದೇಶೀಯ ಛಂದಸ್ಸಿಗೆ ತಂದಿದ್ದರು. ಈಸ್ಟರಿನ ಪ್ರಾತಃಕಾಲದ ಆರಾಧನೆ ಮಾತ್ರ ಹೊರಗಿನದು: 1732ರಲ್ಲಿ ಸ್ಯಾಕ್ಸನಿಯ ಹೆರ್ನ್‌ಹುಟ್ ಎಂಬ ಗ್ರಾಮದಲ್ಲಿ ಮೊರೇವಿಯನ್ ಪಂಥದ ತರುಣರು ಸೂರ್ಯೋದಯಕ್ಕೆ ಮೊದಲು ಗುಡ್ಡದ ಮೇಲಿನ ಸ್ಮಶಾನಕ್ಕೆ ಹೋಗಿ ಹಾಡಿದುದೇ ಅದರ ಮೂಲ. ಚೈತ್ರದ ಬಿಸಿಲನ್ನು ಬಲ್ಲ ಸೋಲಾಪುರಕ್ಕೆ ಆ ಹೊತ್ತು ಚೆನ್ನಾಗಿಯೇ ಒಪ್ಪುತ್ತದೆ.

ಪಶ್ಚಿಮ ಕರಾವಳಿಯಲ್ಲಿ ಹೀಗಾಗಲಿಲ್ಲ. ಪೋರ್ಚುಗೀಸರ ಕಾಲದಿಂದ ಕ್ಯಾಥೊಲಿಕ್ ಆಚಾರಗಳಲ್ಲಿ ಬೆಳೆದ ಗೋವೆಯವರೂ ಮಂಗಳೂರಿನವರೂ ದುರ್ಲಭವಾದ ಬಾದಾಮಿಯ ಸ್ಥಾನದಲ್ಲಿ ಗೇರುಬೀಜವನ್ನು ಅರೆದು ಯೂರೋಪಿನ ಮಾದರಿಯ ಸಿಹಿ ಮೊಟ್ಟೆಗಳನ್ನು ಮಾಡಿದರು. ಕೇರಳದ ಸಿರಿಯನ್ ಕ್ರೈಸ್ತರು ಪಾಸ್ಖದ ಗುರುವಾರ ರಾತ್ರಿ ಹುಳಿ ಬಾರದ ಅಕ್ಕಿಯ ಅಪ್ಪವನ್ನು ತೆಂಗಿನ ಹಾಲು ಬೆಲ್ಲದೊಡನೆ ಮನೆಯ ಯಜಮಾನನ ಕೈಯಿಂದ ಹಂಚಿಸಿಕೊಳ್ಳುತ್ತಾರೆ. ಆದರೆ ಈಚೆಗೆ ನಮ್ಮ ಒಳನಾಡಿನ ಪಟ್ಟಣಗಳ ಅಂಗಡಿಗಳಲ್ಲಿಯೂ ಹಣಿಕುವ ಚಾಕೊಲೇಟಿನ ಮೊಟ್ಟೆಯನ್ನು ಕಂಡು ಅದೇ ಪುರಾತನ ಸಂಪ್ರದಾಯವೆಂದು ಯಾರೂ ಭ್ರಮಿಸಬಾರದು. ಬ್ರಿಟನ್ನಿನ ಫ್ರೈ ಕಂಪನಿ ಅದನ್ನು ಮೊದಲು ಮಾರಿದುದು 1873ರಲ್ಲಿ, ಕ್ಯಾಡ್‌ಬರಿಯವರು 1875ರಲ್ಲಿ; ಇಟಲಿಯ ಪಾರಿವಾಳದಾಕಾರದ ರೊಟ್ಟಿಯಂತೂ 1930ರ ದಶಕದ ಮಿಲಾನಿನ ವ್ಯಾಪಾರಿಗಳ ಕಲ್ಪನೆ. ಸೋಲಾಪುರದ ಕ್ರೈಸ್ತ ಸಭೆ ಬ್ರಿಟನ್ನಿನ ಆ ಚಾಕೊಲೇಟಿನ ಮೊಟ್ಟೆಗಿಂತ ಹಳೆಯದು. ಮೊಟ್ಟೆಯಿರಲಿ, ಗೋಧಿಯಿರಲಿ, ಬಾದಾಮಿಯಿರಲಿ, ಪ್ರತಿಯೊಂದು ದೇಶವೂ ತನ್ನ ವಸಂತದಲ್ಲಿ ತನ್ನ ಕಣಜದಲ್ಲಿದ್ದುದನ್ನೇ ಹಬ್ಬಕ್ಕೆ ಬಡಿಸಿರುವುದರಿಂದ, ಈ ಸೀಮೆಯಲ್ಲಿ ಅದು ಹೋಳಿಗೆಯಾದರೆ, ಹುಗ್ಗಿಯಾದರೆ, ಅದನ್ನು ಕೊರತೆಯೆನ್ನಲು ನನಗೆ ಕಾರಣ ಕಾಣದು.

ಮಿಷನ್ನಿನ ವಾರ್ಷಿಕ ವರದಿಗಳು ಶಾಲೆಗಳನ್ನು ಎಣಿಸಿದವು, ಸಭಿಕರನ್ನು ಎಣಿಸಿದವು, ಬರಗಾಲದ ಅನಾಥರನ್ನು ಎಣಿಸಿದವು. ಅಡುಗೆಮನೆಗೆ ಅವುಗಳಲ್ಲಿ ಅಂಕಣವಿರಲಿಲ್ಲ. ಆದುದರಿಂದ ಸೋಲಾಪುರ, ಅಕ್ಕಲಕೋಟೆಗಳ ಕ್ರೈಸ್ತ ಮನೆತನಗಳ ಹಿರಿಯ ಅವ್ವಂದಿರು ಈಸ್ಟರಿನ ದಿನ ತಮ್ಮ ತಾಯಂದಿರು ಏನನ್ನು ಬೇಯಿಸುತ್ತಿದ್ದರು, ನೆರೆಮನೆಗೆ ಏನನ್ನು ಕಳುಹಿಸುತ್ತಿದ್ದರು, ಹೋಳಿಯ ಸಕ್ಕರೆ ಸರ ತಮ್ಮ ಕೊರಳಿಗೂ ಬರುತ್ತಿತ್ತೇ ಎಂಬುದನ್ನು ಕನ್ನಡದಲ್ಲಾಗಲಿ ಮರಾಠಿಯಲ್ಲಾಗಲಿ ಮೊಮ್ಮಕ್ಕಳ ಕೈಯಿಂದ ಬರೆಯಿಸಿಡಬೇಕೆಂದು ನನ್ನ ಪ್ರಾರ್ಥನೆ.