ಎದೆಬಡಿತದ ತಾಳ ತಪ್ಪಿದಾಗ: ವೈದ್ಯರು ಕಂಡುಹಿಡಿಯುವ ಬಗೆ

ಮೆಟ್ಟಿಲು ಹತ್ತಿದಾಗ, ಜ್ವರ ಬಂದಾಗ, ಗಾಬರಿಯಾದಾಗ ಎದೆ ಡವಗುಟ್ಟುವುದು ಸಹಜ. ಆದರೆ ಸುಮ್ಮನೆ ಕುಳಿತಿರುವಾಗಲೇ ಬಡಿತ ಓಡತೊಡಗಿದರೆ, ಇಲ್ಲವೇ ನಡುನಡುವೆ ತಪ್ಪಿದಂತಾದರೆ, ವಯಸ್ಸಿನ ಬಳಲಿಕೆಯೆಂದು ಅಲಕ್ಷಿಸುವುದು ತರವಲ್ಲ. ವಿಶ್ರಾಂತಿಯಲ್ಲಿರುವ ವಯಸ್ಕರ ಹೃದಯವು ಸಾಮಾನ್ಯವಾಗಿ ನಿಮಿಷಕ್ಕೆ 60ರಿಂದ 100 ಬಾರಿ ಬಡಿಯುತ್ತದೆ. ಹೃದಯದ ಮೇಲಿನ ಕೋಣೆಗಳು ಲಯಗೆಟ್ಟು ಅದುರುವ 'ಏಟ್ರಿಯಲ್ ಫಿಬ್ರಿಲೇಶನ್' ಎಂಬ ಸ್ಥಿತಿಯಲ್ಲಿ ಅಲ್ಲಿ ರಕ್ತ ಹೆಪ್ಪುಗಟ್ಟಬಹುದು. ಆ ಹೆಪ್ಪು ಮಿದುಳಿಗೆ ತಲುಪಿದರೆ ಪಾರ್ಶ್ವವಾಯು ಉಂಟಾಗುತ್ತದೆ. ಆದ್ದರಿಂದಲೇ ಸಕಾಲದ ಪತ್ತೆ ಮುಖ್ಯ.

ಮಾತು ಮತ್ತು ನಾಡಿ

ವೈದ್ಯರ ಮೊದಲ ಪರೀಕ್ಷೆ ಪ್ರಶ್ನೆಗಳೇ. ಬಡಿತ ಥಟ್ಟನೆ ಆರಂಭವಾಯಿತೇ, ಎಷ್ಟು ಹೊತ್ತು ಇತ್ತು, ತಲೆ ಸುತ್ತಿತೇ, ಯಾವ ಔಷಧಗಳ ಸೇವನೆಯಿದೆ, ಮನೆತನದಲ್ಲಿ ಯಾರಾದರೂ ಹಠಾತ್ತನೆ ತೀರಿಕೊಂಡಿದ್ದಾರೆಯೇ ಎಂದು ವಿಚಾರಿಸುತ್ತಾರೆ. ಬಡಿತದ ಗತಿಯನ್ನು ಮೇಜಿನ ಮೇಲೆ ಬೆರಳಿನಿಂದ ತಟ್ಟಿ ತೋರಿಸಲು ಹೇಳುವುದೂ ಉಂಟು. ಊರಿನಿಂದ ಬಂದ, ಇಲ್ಲಿನ ಭಾಷೆ ತಿಳಿಯದ ನಮ್ಮ ಹಿರಿಯರೂ ಇದನ್ನು ತೋರಿಸಬಲ್ಲರು. ಬಳಿಕ ನಾಡಿ, ರಕ್ತದೊತ್ತಡ ಹಾಗೂ ರಕ್ತಪರೀಕ್ಷೆ. ರಕ್ತಹೀನತೆ, ಥೈರಾಯ್ಡ್ ಗ್ರಂಥಿಯ ಅತಿಚಟುವಟಿಕೆ, ಪೊಟ್ಯಾಸಿಯಂ ಏರುಪೇರುಗಳೂ ಬಡಿತವನ್ನು ಕೆಡಿಸಬಲ್ಲವು.

ಇಸಿಜಿ ಮತ್ತು ಅದರ ಮಿತಿ

ಡಚ್ ವಿಜ್ಞಾನಿ ವಿಲ್ಲೆಮ್ ಐಂಥೋವನ್ ಅವರಿಗೆ 1924ರಲ್ಲಿ ನೊಬೆಲ್ ಪ್ರಶಸ್ತಿ ತಂದ ಇಸಿಜಿಯೇ ಇಂದಿಗೂ ರೋಗನಿರ್ಣಯದ ಬುನಾದಿ. ಆದರೆ ಸಾಮಾನ್ಯ ಇಸಿಜಿ ದಾಖಲಿಸುವುದು ಸುಮಾರು 10 ಸೆಕೆಂಡುಗಳ ಬಡಿತವನ್ನಷ್ಟೆ. ಬಂದುಹೋಗುವ ತೊಂದರೆಯಾದರೆ ಆಸ್ಪತ್ರೆ ತಲುಪುವಷ್ಟರಲ್ಲಿ ಎಲ್ಲವೂ ಸರಿಯಾಗಿರುತ್ತದೆ. ವರದಿ 'ನಾರ್ಮಲ್' ಎಂದಾಕ್ಷಣ ನಾವು ನಿಶ್ಚಿಂತರಾಗುತ್ತೇವೆ. ಒಂದು ದಿನದ ಶಿಲ್ಕು ನೋಡಿ ವರ್ಷದ ಲೆಕ್ಕ ಹೇಳಲಾದೀತೇ?

ಆದುದರಿಂದ ಬಡಿತ ತಪ್ಪುವ ಗಳಿಗೆಯನ್ನೇ ಹಿಡಿಯಬೇಕು. ಮೈಮೇಲೆ 24ರಿಂದ 48 ಗಂಟೆ ಧರಿಸುವ ಹೋಲ್ಟರ್ ಯಂತ್ರ ಪ್ರತಿಯೊಂದು ಬಡಿತವನ್ನೂ ದಾಖಲಿಸುತ್ತದೆ. ತೊಂದರೆ ವಿರಳವಾಗಿದ್ದರೆ ವಾರಗಟ್ಟಲೆ ಬಳಸುವ ಈವೆಂಟ್ ರೆಕಾರ್ಡರ್, ತೀರಾ ಅಪರೂಪವಾಗಿದ್ದರೆ ಚರ್ಮದಡಿ ಇರಿಸುವ ಪುಟ್ಟ ಲೂಪ್ ರೆಕಾರ್ಡರ್ ಇವೆ. ಹೃದಯದ ರಚನೆಯನ್ನು ಎಕೋ, ಶ್ರಮದ ವೇಳೆಯ ಬಡಿತವನ್ನು ಟ್ರೆಡ್‌ಮಿಲ್ ಪರೀಕ್ಷೆ ತಿಳಿಸುತ್ತವೆ. ಕೆಲವರಿಗೆ ಮಾತ್ರ, ರಕ್ತನಾಳದ ಮೂಲಕ ಹೃದಯದೊಳಕ್ಕೆ ತೆಳುವಾದ ತಂತಿಗಳನ್ನು ಕಳುಹಿಸಿ ದೋಷದ ಮೂಲ ಹುಡುಕುವ ಇಪಿ ಪರೀಕ್ಷೆ ಬೇಕಾಗುತ್ತದೆ. ಈಚಿನ ಸ್ಮಾರ್ಟ್ ಕೈಗಡಿಯಾರಗಳು ಸುಳಿವು ನೀಡಬಲ್ಲವು, ನಿರ್ಣಯ ವೈದ್ಯರದೇ.

ನಾವು ಮಾಡಬೇಕಾದುದು

ಬಡಿತ ಕೆಟ್ಟ ದಿನ, ವೇಳೆ, ಅವಧಿ, ಒಂದು ನಿಮಿಷದ ನಾಡಿಯೆಣಿಕೆ ಇವನ್ನು ಬರೆದಿಡೋಣ. ಹಳೆಯ ಇಸಿಜಿಗಳನ್ನು ಜೋಪಾನವಾಗಿಟ್ಟು ವೈದ್ಯರಿಗೆ ತೋರಿಸೋಣ. ಹೋಲ್ಟರ್ ಧರಿಸಿದಾಗ ಮಂಚ ಹಿಡಿಯದೆ, ವೈದ್ಯರು ಬೇಡವೆಂದುದನ್ನು ಬಿಟ್ಟು, ಎಂದಿನ ಕೆಲಸಗಳಲ್ಲೇ ತೊಡಗೋಣ. ಬಡಿತದೊಡನೆ ಎದೆನೋವು, ಉಸಿರುಗಟ್ಟುವಿಕೆ ಅಥವಾ ಮೂರ್ಛೆ ಕಂಡರೆ ಮಾತ್ರ ಬರೆಯುತ್ತ ಕೂರದೆ, ಕೂಡಲೇ ತುರ್ತು ಚಿಕಿತ್ಸಾ ವಿಭಾಗಕ್ಕೆ ಧಾವಿಸೋಣ.