ಹಿಂದಿನ ಅಚ್ಚಿನಲ್ಲೇ ಇದೆ ಈ ಕಾರಿನ ಕಥೆ

1939ರ ಸೆಪ್ಟೆಂಬರ್ 3. ಬ್ರಿಟನ್ ಮತ್ತು ಫ್ರಾನ್ಸ್ ಜರ್ಮನಿಯ ಮೇಲೆ ಯುದ್ಧ ಸಾರಿದ ದಿನ. ಅದೇ ದಿನ ಬೆಲ್‌ಗ್ರೇಡಿನ ಕೋಟೆ ಸುತ್ತಲಿನ ಬೀದಿಗಳಲ್ಲಿ ಕಾರ್ ರೇಸ್ ನಡೆಯಿತು. ಓಡಿದ್ದು ಐದೇ ಕಾರು. ಗೆದ್ದವರು ಇಟಲಿಯ ತಾಝಿಯೊ ನುವೊಲಾರಿ, ಆಗ ಅವರಿಗೆ 46 ವರ್ಷ. ಅವರು ಓಡಿಸಿದ್ದು ಜರ್ಮನಿಯ ಆಟೋ ಯೂನಿಯನ್ ಕಂಪನಿಯ ಟೈಪ್ ಡಿ. ಯುದ್ಧ ಮುಗಿದು ಕೆಲ ಕಾಲಕ್ಕೆ ಆ ಕಾರುಗಳಲ್ಲಿ ಒಂದೂ ತಾವು ಹುಟ್ಟಿದ ತ್ಸ್ವಿಕಾವ್ ಊರಿನಲ್ಲಿ ಉಳಿದಿರಲಿಲ್ಲ.

ಈ ಕಾರಿನ ಬಗ್ಗೆ ಬರೆದವರೆಲ್ಲ ಎಂಜಿನ್ನಿನಿಂದ ಶುರು ಮಾಡುತ್ತಾರೆ. ನಾವು ಹಿಂದಿನ ಚಕ್ರದಿಂದ ಶುರು ಮಾಡುತ್ತೇವೆ, ಯಾಕೆಂದರೆ ಅಸಲಿ ಜಗಳ ಇದ್ದದ್ದು ಅಲ್ಲೇ.

ಫರ್ಡಿನಾಂಡ್ ಪೋರ್ಷೆ ರೂಪಿಸಿದ ಮೊದಲ ಆಟೋ ಯೂನಿಯನ್ ಕಾರುಗಳಲ್ಲಿ ಎಂಜಿನ್ ಚಾಲಕನ ಬೆನ್ನ ಹಿಂದೆ ಇತ್ತು. ಆ ಕಾಲಕ್ಕೆ ಅದೇ ವಿಚಿತ್ರ. 1936ರ ಟೈಪ್ ಸಿ ಕಾರಿಗೆ 16 ಸಿಲಿಂಡರ್, 6 ಲೀಟರ್, ಸುಮಾರು 520 ಅಶ್ವಶಕ್ತಿ. ಇಷ್ಟು ಶಕ್ತಿಯನ್ನು ನೆಲಕ್ಕೆ ಇಳಿಸಬೇಕಾದ ಹಿಂದಿನ ಅಚ್ಚು ಮಾತ್ರ ಸ್ವಿಂಗ್ ಆಕ್ಸಲ್. ನಮ್ಮ ಲಾರಿಯ ಹಿಂಭಾಗ ನೋಡಿದವರಿಗೆ ಗೊತ್ತು, ಅಲ್ಲಿ ಎರಡೂ ಚಕ್ರಗಳನ್ನು ಒಂದೇ ಹೌಸಿಂಗ್ ಹಿಡಿದಿರುತ್ತದೆ. ಸ್ವಿಂಗ್ ಆಕ್ಸಲ್‌ನಲ್ಲಿ ಹಾಗಿಲ್ಲ. ಎಡಕ್ಕೊಂದು ಬಲಕ್ಕೊಂದು ಅರ್ಧ ಅಚ್ಚು, ಎರಡೂ ನಡುವಿನ ಕೀಲಿನ ಮೇಲೆ ಹಕ್ಕಿಯ ರೆಕ್ಕೆಯಂತೆ ಏಳುತ್ತವೆ, ಇಳಿಯುತ್ತವೆ. ಗುಂಡಿ ಬಂದರೆ ಒಂದು ಚಕ್ರದ ಏಟು ಇನ್ನೊಂದಕ್ಕೆ ತಾಗುವುದಿಲ್ಲ, ಅದು ಲಾಭ. ಆದರೆ ಚಕ್ರ ಏರಿಳಿದಂತೆಲ್ಲ ಅದರ ವಾಲಿಕೆಯೂ ಬದಲಾಗುತ್ತದೆ. ವೇಗದ ತಿರುವಿನಲ್ಲಿ ಕಾರಿನ ಹಿಂಭಾಗ ಮೇಲೆದ್ದು, ಹೊರಬದಿಯ ಚಕ್ರ ಹೊಟ್ಟೆಯಡಿಗೆ ಮಡಚಿಕೊಳ್ಳಬಹುದು. ಹಿಡಿತ ಒಮ್ಮೆಲೇ ತಪ್ಪುತ್ತದೆ. ಚಾಲಕ ಕೂರುತ್ತಿದ್ದದ್ದು ಬಹಳ ಮುಂದೆ, ಅವನಿಗೂ ಎಂಜಿನ್ನಿಗೂ ನಡುವೆ ಪೆಟ್ರೋಲ್ ಟ್ಯಾಂಕು. ಹಿಂದೆ ಚಕ್ರ ಜಾರಿದ್ದು ಅವನಿಗೆ ತಡವಾಗಿ ತಿಳಿಯುತ್ತಿತ್ತು.

ಇದನ್ನು ಪಳಗಿಸಿದವರು ಬೆರ್ನ್ಟ್ ರೋಸೆಮೇಯರ್. ಮೋಟಾರ್ ಸೈಕಲ್ ರೇಸಿನಿಂದ ಬಂದವರು, ಬೇರೆ ರೇಸ್ ಕಾರಿನ ಅಭ್ಯಾಸವೇ ಇರಲಿಲ್ಲ. 1936ರಲ್ಲಿ ಯುರೋಪ್ ಚಾಂಪಿಯನ್ ಆದರು. 1938ರ ಜನವರಿ 28ರಂದು ಫ್ರಾಂಕ್‌ಫರ್ಟ್ ಬಳಿಯ ಹೆದ್ದಾರಿಯಲ್ಲಿ ವೇಗದ ದಾಖಲೆಗೆ ಹೊರಟು ಸತ್ತರು.

ಆ ವರ್ಷ ನಿಯಮ ಬದಲಾಗಿ, ಸೂಪರ್‌ಚಾರ್ಜರ್ ಇರುವ ಎಂಜಿನ್ನಿಗೆ 3 ಲೀಟರಿನ ಮಿತಿ ಬಂತು. ಎಂಜಿನಿಯರ್ ಎಬರಾನ್ ಫಾನ್ ಎಬರ್‌ಹಾರ್ಸ್ಟ್ ಹೊಸ ಕಾರು ಕಟ್ಟಿದರು: 12 ಸಿಲಿಂಡರ್, ಟ್ಯಾಂಕು ಎರಡು ಪಕ್ಕಕ್ಕೆ, ಚಾಲಕ ಹಿಂದಕ್ಕೆ. ಹಿಂದಿನ ಸ್ವಿಂಗ್ ಆಕ್ಸಲ್ ಹೋಗಿ ಡಿ ಡಿಯಾನ್ ಅಚ್ಚು ಬಂತು. ಇದರಲ್ಲಿ ಭಾರವಾದ ಡಿಫರೆನ್ಷಿಯಲ್ ಚಾಸಿಗೇ ಬಿಗಿದುಕೊಂಡಿರುತ್ತದೆ, ಚಕ್ರಗಳನ್ನು ಜೋಡಿಸುವುದು ಹಗುರವಾದ ಒಂದು ಕೊಳವೆ ಮಾತ್ರ. ಹಾಗಾಗಿ ಚಕ್ರಗಳು ಮಡಚಿಕೊಳ್ಳುವುದಿಲ್ಲ, ಅಚ್ಚಿನ ತೂಕವೂ ಕಡಿಮೆ. ಹೊಸ ಉಪಾಯವೇನಲ್ಲ, ಫ್ರಾನ್ಸಿನ ಡಿ ಡಿಯಾನ್ ಕಂಪನಿ 19ನೇ ಶತಮಾನದ ಕೊನೆಯಲ್ಲೇ ಬಳಸಿದ್ದು. ಎದುರಾಳಿ ಮರ್ಸಿಡಿಸ್ 1937ರಲ್ಲೇ ಅದಕ್ಕೆ ಬದಲಾಗಿತ್ತು. ಆಟೋ ಯೂನಿಯನ್ ಒಂದು ವರ್ಷ ತಡ. ಆದರೂ 1938ರಲ್ಲಿ ನುವೊಲಾರಿ ಈ ಕಾರಿನಲ್ಲಿ ಮೋಂಝಾ, ಡೋನಿಂಗ್‌ಟನ್ ಎರಡನ್ನೂ ಗೆದ್ದರು.

ಯುದ್ಧಕಾಲದಲ್ಲಿ ಕಾರುಗಳನ್ನು ತ್ಸ್ವಿಕಾವ್ ಬಳಿಯ ಗಣಿಯೊಂದರಲ್ಲಿ ಬಚ್ಚಿಟ್ಟಿದ್ದರು. 1945ರಲ್ಲಿ ಸೋವಿಯತ್ ಸೇನೆ ಅವನ್ನು ಹೊರತೆಗೆದು, ಯುದ್ಧ ಪರಿಹಾರವೆಂದು ರೈಲಿಗೇರಿಸಿ ತನ್ನ ದೇಶಕ್ಕೆ ಸಾಗಿಸಿತು. ಅಲ್ಲಿ ಕೆಲವನ್ನು ಅಧ್ಯಯನಕ್ಕೆಂದು ಬಿಚ್ಚಿದರು, ಹಲವು ಗುಜರಿಯಾದವು. 16 ಸಿಲಿಂಡರಿನ ಒಂದು ಕಾರು 1970ರ ದಶಕದಲ್ಲಿ ಮಾಸ್ಕೋದಲ್ಲಿ ಗುಜರಿ ಪಾಲಾಗುವುದರಿಂದ ತಪ್ಪಿಸಿಕೊಂಡು ಲಾಟ್ವಿಯಾದ ರೀಗಾ ಸೇರಿತು. ಅಮೆರಿಕದಲ್ಲಿ ನೆಲೆಸಿದ್ದ ಪಾಲ್ ಕರಾಸಿಕ್ ಎಂಬ ಸಂಗ್ರಾಹಕರು ವರ್ಷಗಟ್ಟಲೆ ಹುಡುಕಿ ಎರಡು ಟೈಪ್ ಡಿ ಕಾರುಗಳ ಚೂರುಗಳನ್ನು ಪಡೆದರು. ಅವನ್ನು ಜೋಡಿಸಿದ್ದು ಇಂಗ್ಲೆಂಡಿನ ಕ್ರಾಸ್‌ವೇಟ್ ಅಂಡ್ ಗಾರ್ಡಿನರ್ ಎಂಬ ವರ್ಕ್‌ಶಾಪು. ಇಲ್ಲದ ಭಾಗಗಳನ್ನು ಹೊಸದಾಗಿ ಮಾಡಬೇಕಿತ್ತು. 1994ರಲ್ಲಿ ಎರಡೂ ಕಾರು ನ್ಯೂರ್ಬರ್ಗ್‌ರಿಂಗ್‌ನಲ್ಲಿ ಮತ್ತೆ ಓಡಿದವು.

ಹೊಸ ಲೋಹ ಸೇರಿದ ಮೇಲೆ ಅದು ಹಳೆಯ ಕಾರೇ? ನಮ್ಮಲ್ಲೂ ಈ ವಾದ ಎದ್ದಿತು. ನಮ್ಮೂರ ತೇರಿನ ಗಾಲಿ, ಅಚ್ಚು ಎಷ್ಟೋ ಸಲ ಬದಲಾಗಿವೆ, ಅದನ್ನು ಯಾರೂ ಹೊಸ ತೇರು ಎನ್ನುವುದಿಲ್ಲ ಎಂದೊಬ್ಬರು. ಗುಜರಿಯ ಚೂರಿನಿಂದ ತೇರು ಕಟ್ಟಿದವರುಂಟೇ ಎಂದು ಇನ್ನೊಬ್ಬರು. ನಮಗನಿಸುವುದು ಇಷ್ಟು: ಬೇರೆ ಯಾವುದೋ ಸಲೀಸಾದ ಸಸ್ಪೆನ್ಷನ್ ಹಾಕಿದ್ದರೂ ಕಾರು ಓಡುತ್ತಿತ್ತು, ಆದರೆ ಅದು ಟೈಪ್ ಡಿ ಆಗುತ್ತಿರಲಿಲ್ಲ.

ಈ ಕಾರುಗಳಲ್ಲಿ ಒಂದನ್ನು ಔಡಿ 2012ರಲ್ಲಿ ಕೊಂಡಿತು. ಆಟೋ ಯೂನಿಯನ್ನಿನ ವಾರಸುದಾರ ಕಂಪನಿ ಅದೇ, ನಾಲ್ಕು ಉಂಗುರದ ಲಾಂಛನವೂ ಅಲ್ಲಿಂದಲೇ ಬಂದದ್ದು. ಅದರ ಜೊತೆ ಇನ್ನೊಂದು ವಾರಸಿಕೆಯೂ ಇತ್ತು. ನಾಜಿ ಸರ್ಕಾರ ಈ ರೇಸುಗಳಿಗೆ ಹಣ ಸುರಿದಿತ್ತು, ಯುದ್ಧಕ್ಕೆ ಕಂಪನಿ ದುಡಿದಿತ್ತು. 2014ರಲ್ಲಿ ಔಡಿಯೇ ಮಾಡಿಸಿದ ಅಧ್ಯಯನದ ಪ್ರಕಾರ ಆಟೋ ಯೂನಿಯನ್ 3,700ಕ್ಕೂ ಹೆಚ್ಚು ಯಾತನಾ ಶಿಬಿರದ ಕೈದಿಗಳನ್ನೂ 16,500ಕ್ಕೂ ಹೆಚ್ಚು ಬಲವಂತದ ಕೂಲಿಗಳನ್ನೂ ದುಡಿಸಿಕೊಂಡಿತ್ತು. ಇಂದಿನ ಚೆಕ್ ದೇಶದಲ್ಲಿರುವ ಲೈಟ್‌ಮೆರಿಟ್ಸ್ ಶಿಬಿರದಲ್ಲಿ ಸತ್ತ ಸುಮಾರು 4,500 ಜನರ ನೈತಿಕ ಹೊಣೆಯೂ ಕಂಪನಿಯ ಮೇಲಿದೆ ಎಂದಿತು ಆ ವರದಿ. ಕಾರು ಮತ್ತೆ ಓಡಿ ಆಗಲೇ 20 ವರ್ಷ ಕಳೆದಿತ್ತು.