ಕನ್ನಡಕಕ್ಕಿಲ್ಲದ ನಾಚಿಕೆ

ಕಾಚಿಗುಡಾದ ಕನ್ನಡ ಸಭೆಗಳಲ್ಲಿ ಸದಾ ಮುಂದಿನ ಸಾಲಿನಲ್ಲಿ ಕೂರುತ್ತಿದ್ದ ಹಿರಿಯರೊಬ್ಬರು ಕ್ರಮೇಣ ಬರುವುದನ್ನೇ ನಿಲ್ಲಿಸಿದರು. ಮಂಡಿನೋವು ಎಂದರು, ನಾವು ನಂಬಿದೆವು. ಅವರ ಕಿವಿ ಮಂದವಾಗಿದೆಯೆಂದು ತಿಳಿಯಲು ನಮಗೆ ಎರಡು ವರ್ಷ ಬೇಕಾಯಿತು. ಮಂಡಿನೋವನ್ನು ನಾಲ್ವರೆದುರು ಹೇಳಿಕೊಳ್ಳಬಹುದು, ಕಿವುಡುತನವನ್ನು ಹೇಳಿಕೊಳ್ಳಲಾಗದು. ಮೂಗಿನ ಮೇಲಿನ ಕನ್ನಡಕ ವಿದ್ವತ್ತಿನ ಕಳೆ. ಕಿವಿಯ ಹಿಂದಿನ ಯಂತ್ರ ಮುದಿತನದ ಗುರುತು. ಗಾದೆಗಳಲ್ಲಂತೂ ನಾವು ಕಿವುಡನ ಮುಂದೆ ಶಂಖ ಊದುತ್ತಲೇ ಬಂದಿದ್ದೇವೆ.

ಈ ನಾಚಿಕೆಗೂ ಚರಿತ್ರೆಯಿದೆ. ನೆರವೇ ಇಲ್ಲದ ಕಾಲದಲ್ಲಿ ಬಚ್ಚಿಡುವುದೊಂದೇ ಉಪಾಯವಾಗಿತ್ತು. ಶ್ರವಣವನ್ನು ಅಳೆದು ಚಿಕಿತ್ಸೆ ನೀಡುವ ವಿದ್ಯೆ ನಮ್ಮಲ್ಲಿ ಬೇರೂರಿದ್ದು ಈಚೆಗೆ, ಅದೂ ಕನ್ನಡದ ನೆಲದಲ್ಲಿ. 1965ರಲ್ಲಿ ಮೈಸೂರಿನಲ್ಲಿ ಆರಂಭವಾದ ಕೇಂದ್ರ ಸಂಸ್ಥೆಗೆ ಮೊದಲು ‘ಲೋಗೋಪೀಡಿಕ್ಸ್’ ಎಂಬ ಬಾಯಿಗೆ ಬಾರದ ಹೆಸರಿತ್ತು. ಮರುವರ್ಷವೇ ಅದು ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಾಯಿತು. ಮಾತು, ಕೇಳುವಿಕೆ ಎರಡೇ. ಹೆಸರಿನಲ್ಲಿ ಕೊರತೆಯ ಸುಳಿವಿಲ್ಲ. 1983ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ರಾಷ್ಟ್ರೀಯ ಸಂಸ್ಥೆ, ಉಸ್ಮಾನಿಯಾ ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಹೈದರಾಬಾದಿನ ಅಲಿ ಯಾವರ್ ಜಂಗರ ಹೆಸರನ್ನು ಹೊತ್ತಿತು. ಜೊತೆಗೆ ‘ಹ್ಯಾಂಡಿಕ್ಯಾಪ್ಡ್’ ಎಂಬ ಪದವನ್ನೂ ಬಹುಕಾಲ ಹೊತ್ತಿತು.

ಕಾನೂನಿಗೆ ಅದರದೇ ಅಳತೆ. 1995ರ ಕಾಯ್ದೆ, ಎರಡರಲ್ಲಿ ಉತ್ತಮವಾದ ಕಿವಿಯಲ್ಲಿ 60 ಡೆಸಿಬೆಲ್ ನಷ್ಟವಾದ ಮೇಲಷ್ಟೇ ಶ್ರವಣದೋಷವನ್ನು ಒಪ್ಪಿತು. 50 ಕಳೆದುಕೊಂಡವರು ಕಡತದಲ್ಲಿ ಕಿವುಡರಲ್ಲ, ಸಭೆಯಲ್ಲಿ ಕೇಳುಗರೂ ಅಲ್ಲ. (ಕಡತಗಳ ನಡುವೆಯೇ ಬದುಕುವ ನಮಗೆ ಇದು ಹೊಸದೇನಲ್ಲ.) ನಮ್ಮ ಹಿರಿಯರು ಈ ನಡುಸೀಮೆಯವರೇ.

ಮುಂಬಯಿ ಸಂಸ್ಥೆಯ ಪ್ರಾದೇಶಿಕ ಕೇಂದ್ರ ಸಿಕಂದರಾಬಾದಿನ ಮನೋವಿಕಾಸನಗರದಲ್ಲಿದೆ. ಆ ಬಡಾವಣೆ ಬೌದ್ಧಿಕ ವಿಕಲತೆಯ ರಾಷ್ಟ್ರೀಯ ಸಂಸ್ಥೆಯಿಂದಲೇ ಹೆಚ್ಚು ಪರಿಚಿತ. ಅಲ್ಲಿಗೆ ಹೋಗೋಣವೆಂದಾಗ ಹಿರಿಯರು, “ಮಂದವಾದದ್ದು ನನ್ನ ಕಿವಿ, ಬುದ್ಧಿಯಲ್ಲ” ಎಂದು ಸಿಡುಕಿದರು. ವಾದದಿಂದ ಅವರನ್ನು ಗೆಲ್ಲಲಾಗಲಿಲ್ಲ. ಕೊನೆಗೆ ನಮ್ಮಲ್ಲೊಬ್ಬರು, ನಲವತ್ತೈದರವರು, “ನನ್ನ ಕಿವಿಯನ್ನೂ ತೋರಿಸಬೇಕು, ಜೊತೆಗೆ ಬನ್ನಿ ಸಾರ್” ಎಂದರು. ಅದು ನೆಪವಾಗಿತ್ತು. ಪರೀಕ್ಷೆಯಲ್ಲಿ ಅವರ ಎಡಗಿವಿಯೂ ತುಸು ಮಂದವೆಂದು ತಿಳಿದಾಗ ಹಿರಿಯರು ಮೊದಲ ಬಾರಿಗೆ ನಕ್ಕರು. ಶ್ರವಣಸಾಧನಕ್ಕೆ ಒಪ್ಪಿದ್ದು ಆಮೇಲೆ.

ವಯಸ್ಸಿನ ಕಿವುಡುತನ ಮೊದಲು ಕಸಿದುಕೊಳ್ಳುವುದು ಮೇಲಿನ ಸ್ಥಾಯಿಯ ಸದ್ದುಗಳನ್ನು: ಹಕ್ಕಿಯ ಚಿಲಿಪಿಲಿ, ಸಕಾರ, ಶಕಾರ. ಕಳೆದ ತಿಂಗಳ ಗೋಷ್ಠಿಯಲ್ಲಿ ಹಿರಿಯರು ಮತ್ತೆ ಮುಂದಿನ ಸಾಲಿನಲ್ಲಿದ್ದರು. ಭಾಷಣಕಾರರು ‘ಶಾಸನ’ವನ್ನು ‘ಸಾಸನ’ ಎಂದಾಗ ಕೈಯೆತ್ತಿ ತಿದ್ದಿದರು.